ತಪ್ಪು ಸಿಗದಾಗ ಧ್ವನಿಯನ್ನು ದೂರುವವರು

ವಿಶ್ವವಿದ್ಯಾಲಯವೆಂದರೆ ವಿಚಾರಗಳು ನಿರ್ಭೀತಿಯಿಂದ ಮುಖಾಮುಖಿಯಾಗುವ ತಾಣವೆಂದು ನಾವು ನಮ್ಮ ಮಕ್ಕಳಿಗೆ ಹೇಳಿಕೊಡುತ್ತೇವೆ. ಅಮೆರಿಕದ ವಿಶ್ವವಿದ್ಯಾಲಯಗಳ ಮಾತು ಬಂದಾಗಲಂತೂ ನಮ್ಮ ಧ್ವನಿಯಲ್ಲಿ ಗೌರವ ತಾನಾಗಿಯೇ ಮೂಡುತ್ತದೆ. ಆ ಗೌರವಕ್ಕೆ ಕಾರಣಗಳಿಲ್ಲವೆಂದಲ್ಲ. ಅಲ್ಲಿನ ಗ್ರಂಥಾಲಯಗಳು, ಸಂಶೋಧನೆಗೆ ದೊರೆಯುವ ಸೌಲಭ್ಯಗಳು, ಅಧಿಕಾರಸ್ಥರನ್ನು ಪ್ರಶ್ನಿಸಿಯೂ ಪಾಠ ಮಾಡುತ್ತಿರುವ ಪ್ರಾಧ್ಯಾಪಕರು, ಇವನ್ನೆಲ್ಲ ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ ಆ ಸ್ವಾತಂತ್ರ್ಯದ ಅಂಗಳಕ್ಕೂ ಒಂದು ಬೇಲಿಯಿದೆ. ಆ ಬೇಲಿ ಎಲ್ಲಿದೆಯೆಂಬುದು ಅದರ ಬಳಿ ಹೋದವರಿಗಷ್ಟೇ ಗೊತ್ತಾಗುತ್ತದೆ. ರಾಜಕೀಯ ಚಿಂತಕ ನಾರ್ಮನ್ ಫಿಂಕೆಲ್‌ಸ್ಟೈನ್‌ರ ಅಧ್ಯಾಪಕ ಜೀವನವು ಆ ಬೇಲಿಯನ್ನು ಎಲ್ಲರಿಗೂ ಕಾಣುವಂತೆ ಮಾಡಿದೆ.

2007ರ ಜೂನ್ 8ರಂದು ಶಿಕಾಗೊ ನಗರದ ಡಿಪಾಲ್ ವಿಶ್ವವಿದ್ಯಾಲಯದ ಅಧ್ಯಕ್ಷರು ಫಿಂಕೆಲ್‌ಸ್ಟೈನ್‌ರಿಗೆ ಪತ್ರ ಬರೆದು ಅವರ ಖಾಯಂ ನೇಮಕಾತಿಯನ್ನು ನಿರಾಕರಿಸಿದರು. ಅಮೆರಿಕದಲ್ಲಿ ಇದನ್ನು 'ಟೆನ್ಯೂರ್' ಎನ್ನುತ್ತಾರೆ. ಅಧ್ಯಾಪಕನೊಬ್ಬ ಸುಮಾರು ಆರೇಳು ವರ್ಷ ಪರೀಕ್ಷಾರ್ಥವಾಗಿ ದುಡಿದ ಬಳಿಕ ಅವನ ಬರವಣಿಗೆ, ಬೋಧನೆ ಮತ್ತು ಸೇವೆಯನ್ನು ತೂಗಿ ನೋಡಲಾಗುತ್ತದೆ. ತೇರ್ಗಡೆಯಾದರೆ ಅವನು ಖಾಯಂ. ಆ ಮೇಲೆ ಅವನ ಅಭಿಪ್ರಾಯಕ್ಕಾಗಿ ಅವನನ್ನು ಹೊರಹಾಕುವುದು ಸುಲಭವಲ್ಲ. ತೇರ್ಗಡೆಯಾಗದಿದ್ದರೆ ಅವನು ಸಾಮಾನ್ಯವಾಗಿ ವರ್ಷದೊಳಗೆ ಸಂಸ್ಥೆಯನ್ನೇ ಬಿಡಬೇಕು. ಅಧ್ಯಾಪಕ ನಿರ್ಭಯವಾಗಿ ಚಿಂತಿಸಲೆಂದೇ ಈ ಏರ್ಪಾಡನ್ನು ರೂಪಿಸಲಾಗಿತ್ತು. ಯಾವ ಬಾಗಿಲನ್ನು ನಿರ್ಭೀತ ಚಿಂತನೆಯ ರಕ್ಷಣೆಗಾಗಿ ಕಟ್ಟಲಾಗಿತ್ತೋ ಅದೇ ಬಾಗಿಲನ್ನು ನಿರ್ಭೀತ ಚಿಂತಕನ ಮುಖಕ್ಕೆ ಮುಚ್ಚಲಾಯಿತು.

ಈ ತೀರ್ಮಾನಕ್ಕೆ ಬಂದ ದಾರಿಯನ್ನು ಓದುಗರು ಗಮನಿಸಬೇಕು. ಅವರ ಸ್ವಂತ ವಿಭಾಗವಾದ ರಾಜ್ಯಶಾಸ್ತ್ರ ವಿಭಾಗವು 9-3 ಮತಗಳಿಂದ ಅವರ ಪರವಾಗಿ ನಿರ್ಧರಿಸಿತು. ಕಾಲೇಜು ಮಟ್ಟದ ಸಮಿತಿಯ ಐವರು ಸದಸ್ಯರೂ ಒಮ್ಮತದಿಂದ ಅವರನ್ನು ಬೆಂಬಲಿಸಿದರು. ಆದರೆ ಕಾಲೇಜಿನ ಡೀನ್ ಇದಕ್ಕೆ ವಿರುದ್ಧವಾದ ಟಿಪ್ಪಣಿ ಬರೆದರು. ಬಳಿಕ ವಿಶ್ವವಿದ್ಯಾಲಯ ಮಟ್ಟದ ಮಂಡಳಿಯು 4-3 ಮತಗಳಿಂದ, ಅಂದರೆ ಒಂದೇ ಒಂದು ಮತದ ಅಂತರದಿಂದ ಅವರನ್ನು ತಿರಸ್ಕರಿಸಿತು. ಅಧ್ಯಕ್ಷರು ಅದಕ್ಕೆ ಮುದ್ರೆಯೊತ್ತಿದರು. ವಿಷಯವನ್ನು ಬಲ್ಲವರು ಹತ್ತಿರದಿಂದ ಅಳೆದಾಗ ಮನುಷ್ಯ ಯೋಗ್ಯನಾಗಿ ಕಂಡ. ವಿಷಯದಿಂದ ದೂರವಾದಷ್ಟೂ, ಅಧಿಕಾರಕ್ಕೆ ಹತ್ತಿರವಾದಷ್ಟೂ ಆತ ಅಯೋಗ್ಯನಾಗತೊಡಗಿದ. ಇದನ್ನು ವಿದ್ವತ್ತಿನ ತೀರ್ಪು ಎಂದು ಒಪ್ಪಿಕೊಳ್ಳಲು ನಮಗೆ ಸಾಧ್ಯವಿಲ್ಲ.

ಯಾರು ಈ ಮನುಷ್ಯ?

ಫಿಂಕೆಲ್‌ಸ್ಟೈನ್ ಯಹೂದಿ. 1953ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದವರು. ಅವರ ತಾಯಿ ವಾರ್ಸಾದ ಯಹೂದಿ ಕೇರಿಯ ನರಕವನ್ನೂ ಮೈದಾನೆಕ್ ಶಿಬಿರವನ್ನೂ ದಾಟಿ ಬದುಕುಳಿದವರು. ತಂದೆ ಅದೇ ಕೇರಿಯಿಂದ ಔಶ್ವಿಟ್ಝ್ ಶಿಬಿರಕ್ಕೆ ಸಾಗಿಸಲ್ಪಟ್ಟು ಜೀವ ಉಳಿಸಿಕೊಂಡವರು. ಎರಡೂ ಕಡೆಯ ಬಂಧುಬಳಗವನ್ನು ನಾಝಿಗಳು ನಿರ್ನಾಮ ಮಾಡಿದರು. ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ಅನ್ಯಾಯವೆಂದರೇನೆಂದು ಯಾರೂ ಪುಸ್ತಕ ತೆರೆದು ಹೇಳಿಕೊಡಬೇಕಾಗಿರಲಿಲ್ಲ. ಆ ಪಾಠದಿಂದ ಇಬ್ಬರು ಎರಡು ಬಗೆಯ ನಿರ್ಣಯಕ್ಕೆ ಬರಬಹುದು. ನಮ್ಮವರಿಗೆ ಇಂಥದ್ದು ಮತ್ತೆಂದೂ ಸಂಭವಿಸಬಾರದು ಎಂದು ಒಬ್ಬ ಹೇಳಿಯಾನು. ಯಾರಿಗೂ ಸಂಭವಿಸಬಾರದು ಎಂದು ಇನ್ನೊಬ್ಬ ಹೇಳಿಯಾನು. ಫಿಂಕೆಲ್‌ಸ್ಟೈನ್ ಎರಡನೆಯದನ್ನು ಆರಿಸಿಕೊಂಡರು. ಅವರ ಮುಂದಿನ ಬದುಕಿನ ಎಲ್ಲ ಕಷ್ಟಗಳೂ ಈ ಆಯ್ಕೆಯಿಂದಲೇ ಹುಟ್ಟಿದವು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಅವರು ಝಿಯೋನಿಝಂನ ಸಿದ್ಧಾಂತವನ್ನೇ ತಮ್ಮ ಡಾಕ್ಟರೇಟ್ ಪ್ರಬಂಧದ ವಸುವನ್ನಾಗಿಸಿಕೊಂಡರು. ಆ ದಿನಗಳಲ್ಲಿ, 1984ರಲ್ಲಿ, ಜೋನ್ ಪೀಟರ್ಸ್ ಎಂಬ ಲೇಖಕಿಯ 'ಫ್ರಮ್ ಟೈಮ್ ಇಮ್ಮೆಮೋರಿಯಲ್' ಎಂಬ ಪುಸ್ತಕ ಪ್ರಕಟವಾಯಿತು. ಫೆಲೆಸ್ತೀನಿನ ಅರಬರಲ್ಲಿ ಹೆಚ್ಚಿನವರು ಆ ನೆಲದ ಮೂಲ ನಿವಾಸಿಗಳೇ ಅಲ್ಲ, ಯಹೂದಿಯರ ದುಡಿಮೆಯಿಂದ ಸಮೃದ್ಧಿ ಬಂದ ಮೇಲೆ ಅಕ್ಕಪಕ್ಕದ ದೇಶಗಳಿಂದ ವಲಸೆ ಬಂದವರು ಎಂಬುದು ಆ ಪುಸ್ತಕದ ವಾದ. ಅಂದರೆ ಅವರನ್ನು ಹೊರಹಾಕಲಾಯಿತು ಎಂಬ ದೂರಿಗೇ ಅರ್ಥವಿಲ್ಲ! ಅಮೆರಿಕದ ಪತ್ರಿಕೆಗಳು ಪುಸ್ತಕವನ್ನು ಹಾಡಿ ಹೊಗಳಿದವು. ಪ್ರತಿಷ್ಠಿತ ಪ್ರಶಸ್ತಿಯೂ ಬಂತು. ನೂರಾರು ಪುಟ, ಸಾವಿರಾರು ಅಡಿಟಿಪ್ಪಣಿ. ಇಷ್ಟು ಅಡಿಟಿಪ್ಪಣಿಗಳಿರುವ ಪುಸ್ತಕವನ್ನು ಸಂಶಯಿಸುವವರಾದರೂ ಯಾರು?

ಒಬ್ಬ ವಿದ್ಯಾರ್ಥಿ ಸಂಶಯಿಸಿದ. ಫಿಂಕೆಲ್‌ಸ್ಟೈನ್ ಗ್ರಂಥಾಲಯದಲ್ಲಿ ಕುಳಿತು ಅಡಿಟಿಪ್ಪಣಿಗಳನ್ನು ಮೂಲದೊಂದಿಗೆ ಒಂದೊಂದಾಗಿ ತಾಳೆ ನೋಡಿದರು. ಜನಸಂಖ್ಯೆಯ ಅಂಕಿ ಅಂಶಗಳನ್ನು ತಿರುಚಲಾಗಿತ್ತು. ಹಳೆಯ ದಾಖಲೆಗಳ ಮಾತುಗಳನ್ನು ಅರ್ಧಕ್ಕೆ ತುಂಡರಿಸಲಾಗಿತ್ತು. ಅವರು ಇದನ್ನು ಬರೆದು ಅನೇಕರಿಗೆ ಕಳುಹಿಸಿದರು. ಉತ್ತರಿಸಿದವರು ವಿರಳ. ಉತ್ತರಿಸಿದವರಲ್ಲಿ ಒಬ್ಬರು ನೋಮ್ ಚೋಮ್‌ಸ್ಕಿ. ನಿನ್ನ ಶೋಧನೆ ಸರಿಯಿದೆ, ಆದರೆ ಇದನ್ನು ಮುಂದುವರಿಸಿದರೆ ನೀನು ಒಬ್ಬ ಲೇಖಕಿಯನ್ನಲ್ಲ, ಅವಳನ್ನು ಹೊಗಳಿದ ಇಡೀ ವಿದ್ವತ್ ವಲಯವನ್ನು ಬಯಲಿಗೆಳೆಯುವೆ, ಅವರು ನಿನ್ನನ್ನು ಬಿಡಲಾರರು ಎಂಬರ್ಥದ ಎಚ್ಚರಿಕೆಯನ್ನು ತಾನು ನೀಡಿದ್ದಾಗಿ ಚೋಮ್‌ಸ್ಕಿ ಮುಂದೆ ಹೇಳಿಕೊಂಡಿದ್ದಾರೆ. ವಿದ್ಯಾರ್ಥಿ ಹಿಂಜರಿಯಲಿಲ್ಲ. 1986ರಲ್ಲಿ ಇಸ್ರೇಲಿನ ಇತಿಹಾಸಕಾರ ಯೆಹೋಶುವಾ ಪೋರತ್ ಕೂಡ ಆ ಪುಸ್ತಕವನ್ನು ಕಟುವಾಗಿ ಟೀಕಿಸಿದ ಮೇಲೆ ಹೊಗಳಿಕೆ ನಿಂತಿತು. ಆದರೆ ಪುಸ್ತಕವನ್ನು ಹೊಗಳಿದ್ದಕ್ಕಾಗಿ ಯಾವ ಪಂಡಿತನೂ ಕೆಲಸ ಕಳೆದುಕೊಂಡ ವಾರ್ತೆ ಬರಲಿಲ್ಲ. ಸುಳ್ಳನ್ನು ಹೊಗಳಿದವರ ಕುರ್ಚಿ ಭದ್ರವಾಗಿಯೇ ಉಳಿಯಿತು. ಸುಳ್ಳನ್ನು ತೋರಿಸಿಕೊಟ್ಟವನ ಅಲೆದಾಟ ಆರಂಭವಾಯಿತು.

1988ರಲ್ಲಿ ಡಾಕ್ಟರೇಟ್ ಪಡೆದ ಅವರು ಬ್ರೂಕ್ಲಿನ್ ಕಾಲೇಜು, ರಟ್ಗರ್ಸ್, ನ್ಯೂಯಾರ್ಕ್ ವಿಶ್ವವಿದ್ಯಾಲಯ, ಹಂಟರ್ ಕಾಲೇಜು ಎಂದು ನಾಲ್ಕಾರು ಕಡೆ ಪಾಠ ಮಾಡಿದರು. ಎಲ್ಲಿಯೂ ನೆಲೆ ಸಿಗಲಿಲ್ಲ. ಹಂಟರ್ ಕಾಲೇಜಿನಲ್ಲಿ ಅವರ ಪಾಠದ ಅವಧಿಗಳನ್ನೂ ಸಂಬಳವನ್ನೂ ಕಡಿತಗೊಳಿಸಲಾಯಿತು. 2001ರಲ್ಲಿ ಅವರು ಅದನ್ನು ಬಿಟ್ಟು ಡಿಪಾಲ್ ಸೇರಿದರು. ಆ ಹೊತ್ತಿಗೆ ಅವರ ಹೆಸರು ಇನ್ನೊಂದು ಕಾರಣಕ್ಕೂ ವಿವಾದಕ್ಕೊಳಗಾಗಿತ್ತು. 2000ದಲ್ಲಿ ಪ್ರಕಟವಾದ 'ದಿ ಹಾಲೊಕಾಸ್ಟ್ ಇಂಡಸ್ಟ್ರಿ' ಎಂಬ ಕೃತಿಯಲ್ಲಿ ಅವರು, ನಾಝಿಗಳಿಂದ ನಡೆದ ಯಹೂದಿ ಹತ್ಯಾಕಾಂಡದ ನೆನಪನ್ನು ಕೆಲವು ಸಂಘಟನೆಗಳು ಇಸ್ರೇಲಿನ ದುಷ್ಕೃತ್ಯಗಳಿಗೆ ಗುರಾಣಿಯಾಗಿ ಬಳಸುತ್ತಿವೆ, ಸಂತ್ರಸ್ತರ ಹೆಸರಿನಲ್ಲಿ ಸಂಗ್ರಹವಾದ ಪರಿಹಾರ ಧನ ಸಂತ್ರಸ್ತರ ಕೈಗೆ ನ್ಯಾಯವಾಗಿ ತಲುಪುತ್ತಿಲ್ಲ ಎಂದು ಆರೋಪಿಸಿದರು. 1998ರಲ್ಲಿ ಸ್ವಿಸ್ ಬ್ಯಾಂಕುಗಳು 125 ಕೋಟಿ ಡಾಲರ್ ನೀಡಲು ಒಪ್ಪಿದ ಪ್ರಕರಣವೂ ಅವರ ಪರಿಶೀಲನೆಗೊಳಗಾಯಿತು. ಅವರನ್ನು ಯಹೂದಿ ದ್ವೇಷಿಯೆಂದು ಜರೆಯಲಾಯಿತು. ಸ್ವತಃ ಶಿಬಿರಗಳಿಂದ ಬದುಕಿ ಬಂದವರ ಮಗನನ್ನು! ಆದರೆ ಆ ಹತ್ಯಾಕಾಂಡದ ಅಧ್ಯಯನಕ್ಕೆ 1961ರಷ್ಟು ಹಿಂದೆಯೇ ಅಡಿಗಲ್ಲು ಹಾಕಿದ ಇತಿಹಾಸಕಾರ ರಾವುಲ್ ಹಿಲ್‌ಬರ್ಗ್ ಅವರ ಶೋಧನೆಯನ್ನು ಸಮರ್ಥಿಸಿದರು. ತಾನೇ ನಾಝಿಗಳಿಂದ ಪಾರಾಗಿ ವಲಸೆ ಬಂದ ಯಹೂದಿಯೂ ಆ ಕ್ಷೇತ್ರದ ಹಿರಿಯನೂ ಆಗಿದ್ದ ಹಿಲ್‌ಬರ್ಗ್‌ರ ಸಾಕ್ಷ್ಯಕ್ಕೆ ಸಲ್ಲಬೇಕಾದ ಬೆಲೆ ಸಲ್ಲಲಿಲ್ಲ.

ಹೊರಗಿನ ಕೈ

2003ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಸಿದ್ಧ ಕಾನೂನು ಪ್ರಾಧ್ಯಾಪಕ ಅಲನ್ ಡರ್ಶೊವಿಟ್ಜ್ 'ದಿ ಕೇಸ್ ಫಾರ್ ಇಸ್ರೇಲ್' ಎಂಬ ಪುಸ್ತಕ ಬರೆದರು. ಅದೇ ವರ್ಷ ನಡೆದ ಪ್ರಸಾರ ಚರ್ಚೆಯೊಂದರಲ್ಲಿ ಫಿಂಕೆಲ್‌ಸ್ಟೈನ್ ಅವರಿಗೆ ಎದುರಾಗಿ, ಜೋನ್ ಪೀಟರ್ಸ್‌ರ ಪುಸ್ತಕದಲ್ಲಿದ್ದ ಉಲ್ಲೇಖಗಳನ್ನೇ ಅವರ ಹೆಸರು ಹೇಳದೆ ಎತ್ತಿಕೊಳ್ಳಲಾಗಿದೆಯೆಂದು ಆರೋಪಿಸಿದರು. ಡರ್ಶೊವಿಟ್ಜ್ ಇದನ್ನು ನಿರಾಕರಿಸಿದರು. ಹಾರ್ವರ್ಡ್ ಕೂಡ ಅವರನ್ನು ಆರೋಪದಿಂದ ಮುಕ್ತಗೊಳಿಸಿತು. ಅದು ಇಬ್ಬರು ವಿದ್ವಾಂಸರ ನಡುವಿನ ವ್ಯಾಜ್ಯ. ಯಾರು ಸರಿಯೆಂಬುದನ್ನು ಎರಡೂ ಪುಸ್ತಕಗಳನ್ನು ಮುಂದಿಟ್ಟುಕೊಂಡು ಓದುಗರು ನಿರ್ಧರಿಸಬಹುದಿತ್ತು. ವಾದಕ್ಕೆ ವಾದ, ಪುಸ್ತಕಕ್ಕೆ ಪುಸ್ತಕ. ಅಲ್ಲಿಗೆ ನಿಂತಿದ್ದರೆ ನಮಗೆ ಈ ಲೇಖನ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಫಿಂಕೆಲ್‌ಸ್ಟೈನ್ ತಮ್ಮ ವಾದವನ್ನು 'ಬಿಯಾಂಡ್ ಹುಟ್ಸ್ಪಾ' ಎಂಬ ಪುಸ್ತಕವಾಗಿಸಿದಾಗ ಅದರ ಪ್ರಕಟಣೆಯನ್ನು ತಡೆಯುವ ಯತ್ನ ನಡೆಯಿತು. ಪ್ರಕಾಶಕರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ. ಆದ್ದರಿಂದ ಡರ್ಶೊವಿಟ್ಜ್ ಆ ರಾಜ್ಯದ ಗವರ್ನರ್ ಅರ್ನಾಲ್ಡ್ ಶ್ವಾರ್ಝೆನೆಗರ್ ಅವರಿಗೇ ಪತ್ರ ಬರೆದರು. ಇದು ಶೈಕ್ಷಣಿಕ ಸ್ವಾತಂತ್ರ್ಯದ ವಿಷಯ, ಇದರಲ್ಲಿ ತಾವು ಕೈಹಾಕುವುದಿಲ್ಲವೆಂದು ಗವರ್ನರ್ ಕಚೇರಿ ಉತ್ತರಿಸಿತು. ಸಿನಿಮಾ ನಟನಾಗಿದ್ದ ರಾಜಕಾರಣಿಗೆ ಅರ್ಥವಾದ ತತ್ವವು ಕಾನೂನು ಪ್ರಾಧ್ಯಾಪಕರಿಗೆ ಅರ್ಥವಾಗದೆ ಹೋದುದು ಎಂಥ ವಿಪರ್ಯಾಸ! ಪುಸ್ತಕವು 2005ರಲ್ಲಿ ಹೊರಬಂತು.

ಪುಸ್ತಕವನ್ನು ತಡೆಯಲಾಗದಾಗ ಗುರಿ ಲೇಖಕನ ಅನ್ನದ ಕಡೆಗೆ ತಿರುಗಿತು. ಡಿಪಾಲ್‌ನಲ್ಲಿ ಖಾಯಂ ನೇಮಕಾತಿಯ ಪರಿಶೀಲನೆ ನಡೆಯುತ್ತಿದ್ದಾಗ ಡರ್ಶೊವಿಟ್ಜ್ ಅಲ್ಲಿನ ಅಧ್ಯಾಪಕರಿಗೆ ಫಿಂಕೆಲ್‌ಸ್ಟೈನ್ ವಿರುದ್ಧದ ದಾಖಲೆಗಳ ಕಟ್ಟನ್ನು ರವಾನಿಸಿದರು. ಇನ್ನೊಂದು ವಿಶ್ವವಿದ್ಯಾಲಯದ ಆಂತರಿಕ ನೇಮಕಾತಿಯಲ್ಲಿ ಹೊರಗಿನ ಪ್ರಾಧ್ಯಾಪಕರೊಬ್ಬರು, ಅದೂ ಆ ಅಭ್ಯರ್ಥಿಯೊಡನೆ ವೈಯಕ್ತಿಕ ಜಗಳವುಳ್ಳವರು, ಹೀಗೆ ಮಧ್ಯಪ್ರವೇಶಿಸುವುದನ್ನು ಡಿಪಾಲ್‌ನ ಅಧ್ಯಾಪಕರ ಪರಿಷತ್ತೇ ಖಂಡಿಸಿ ನಿರ್ಣಯ ಕೈಗೊಂಡಿತು. ಆ ಖಂಡನೆ ಕಡತ ಸೇರಿತು. ಕಟ್ಟು ತನ್ನ ಕೆಲಸ ಮಾಡಿತು.

ಮೂರು ಸಮರ್ಥನೆಗಳು

ವಿಶ್ವವಿದ್ಯಾಲಯದ ಪರವಾಗಿ ಮೂರು ಮಾತುಗಳನ್ನು ಹೇಳಲಾಗುತ್ತದೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು, ಅವರ ಧ್ವನಿ ಸರಿಯಿಲ್ಲ ಎಂಬುದು. ಫಿಂಕೆಲ್‌ಸ್ಟೈನ್ ತಮ್ಮ ವಿರೋಧಿಗಳ ವ್ಯಕ್ತಿತ್ವಕ್ಕೇ ಕೈಹಾಕುತ್ತಾರೆ, ಇದು ಕ್ಯಾಥೊಲಿಕ್ ಸಂತ ವಿನ್ಸೆಂಟ್‌ರ ಹೆಸರನ್ನು ಹೊತ್ತ ಸಂಸ್ಥೆಯ ಮೌಲ್ಯಗಳಿಗೆ ಹೊಂದುವುದಿಲ್ಲ ಎಂಬುದು ಡೀನ್‌ರ ಆಕ್ಷೇಪದ ತಿರುಳಾಗಿತ್ತು. ಫಿಂಕೆಲ್‌ಸ್ಟೈನ್‌ರ ಭಾಷೆ ಹರಿತವಾದುದು ಎಂಬುದನ್ನು ನಾವೂ ಒಪ್ಪುತ್ತೇವೆ. ಅವರ ವ್ಯಂಗ್ಯ ಕೆಲವೊಮ್ಮೆ ಗಾಯ ಮಾಡುತ್ತದೆ. ಅವರು ಆಡಿದ ಪ್ರತಿಯೊಂದು ಪದವನ್ನೂ ಸಮರ್ಥಿಸುವ ಹೊಣೆಯನ್ನು ನಾವು ಹೊತ್ತುಕೊಂಡಿಲ್ಲ. ಆದರೆ ಪ್ರಶ್ನೆ ಬೇರೆಯಿದೆ. ಅವರ ಪುಸ್ತಕಗಳಲ್ಲಿ ಇಂಥ ದಾಖಲೆ ಸುಳ್ಳು, ಇಂಥ ಅಂಕಿ ತಪ್ಪು ಎಂದು ತೋರಿಸಿ ಅವರನ್ನು ತಿರಸ್ಕರಿಸಿದ್ದರೆ ಅದು ವಿದ್ವತ್ತಿನ ನ್ಯಾಯವಾಗುತ್ತಿತ್ತು. ವಿಭಾಗದ ಬಹುಮತವು ಅವರ ವಿದ್ವತ್ತು ಅರ್ಹ ಮಟ್ಟದ್ದೆಂದು ಹೇಳಿದ ಮೇಲೆ ಉಳಿದುದು ಧ್ವನಿಯೊಂದೇ. ಅಮೆರಿಕದ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘವು 1999ರಲ್ಲಿಯೇ, ಸಹೋದ್ಯೋಗಿಗಳೊಡನೆ ಹೊಂದಿಕೊಳ್ಳುವ ಗುಣವನ್ನು ನೇಮಕಾತಿಗೆ ಪ್ರತ್ಯೇಕ ಮಾನದಂಡವಾಗಿಸಬಾರದು, ಅದು ಭಿನ್ನಮತೀಯರನ್ನು ಹೊರದೂಡುವ ಆಯುಧವಾದೀತು ಎಂದು ಎಚ್ಚರಿಸಿತ್ತು. ಎಚ್ಚರಿಕೆ ಎಂಟೇ ವರ್ಷಗಳಲ್ಲಿ ನಿಜವಾಯಿತು. ಮನೆಗಳನ್ನು ಉರುಳಿಸುವ ಬುಲ್ಡೋಝರನ್ನು ಮೃದು ಭಾಷೆಯಲ್ಲಿ ಸಮರ್ಥಿಸಿದವನು ಸಭ್ಯ. ಅದನ್ನು ಕಂಡು ಧ್ವನಿಯೆತ್ತಿದವನು ಅಸಭ್ಯ ಎಂದಾದರೆ ಅಂಥ ಸಭ್ಯತೆಯನ್ನು ನಾವು ಗೌರವಿಸಲಾರೆವು.

ಎರಡನೆಯದು, ಹೊರಗಿನ ಒತ್ತಡ ಯಾವ ಪರಿಣಾಮವನ್ನೂ ಬೀರಲಿಲ್ಲ ಎಂಬುದು. ಹೊರಗಿನವರ ಆಸಕ್ತಿ ಅನುಚಿತವಾಗಿತ್ತು, ಆದರೆ ಪ್ರಕ್ರಿಯೆಯ ಮೇಲಾಗಲೀ ತೀರ್ಮಾನದ ಮೇಲಾಗಲೀ ಅದು ಪ್ರಭಾವ ಬೀರಿಲ್ಲವೆಂದು ಅಧ್ಯಕ್ಷರು ಹೇಳಿದರು. ಹಾಗಾದರೆ ವಿಭಾಗದ ಒಂಬತ್ತು ಮಂದಿಗೂ ಕಾಲೇಜು ಸಮಿತಿಯ ಐವರಿಗೂ ಕಾಣದ ದೋಷ ಮೇಲಿನವರಿಗೆ ಕಂಡದ್ದು ಹೇಗೆ? ಒತ್ತಡ ಬೀಳುವುದು ಯಾವಾಗಲೂ ಕಟ್ಟಡದ ಮೇಲಂತಸ್ತಿಗೇ. ದಾನಿಗಳೊಡನೆ ಮಾತನಾಡುವವರು, ಸಂಸ್ಥೆಯ ಹೆಸರಿಗೆ ಹೆದರುವವರು ಅಲ್ಲಿಯೇ ಕುಳಿತಿರುತ್ತಾರೆ. ಒತ್ತಡಕ್ಕೆ ಮಣಿದೆನೆಂದು ಲಿಖಿತವಾಗಿ ಒಪ್ಪಿಕೊಂಡ ಆಡಳಿತಗಾರ ಯಾವ ದೇಶದಲ್ಲೂ ಸಿಗಲಾರ. ಆದ್ದರಿಂದ ನಿರಾಕರಣೆಯನ್ನೇ ಪುರಾವೆಯಾಗಿ ಸ್ವೀಕರಿಸಲು ಸಾಧ್ಯವಿಲ್ಲ.

ಮೂರನೆಯದು, ಅದೊಂದು ಖಾಸಗಿ ಸಂಸ್ಥೆ, ಯಾರನ್ನು ಇಟ್ಟುಕೊಳ್ಳಬೇಕೆಂಬುದು ಅದರ ಹಕ್ಕು ಎಂಬುದು. ಹಕ್ಕಿರಬಹುದು. ಆದರೆ ಅದೇ ಸಂಸ್ಥೆ 2007ರ ಸೆಪ್ಟೆಂಬರ್ 5ರಂದು ಫಿಂಕೆಲ್‌ಸ್ಟೈನ್ ಜೊತೆ ಒಪ್ಪಂದಕ್ಕೆ ಬಂದು ಅವರ ರಾಜೀನಾಮೆ ಪಡೆದಾಗ ಹೊರಡಿಸಿದ ಹೇಳಿಕೆಯಲ್ಲಿ ಅವರನ್ನು ಸಮೃದ್ಧ ಕೃಷಿ ಮಾಡಿದ ವಿದ್ವಾಂಸ, ಅತ್ಯುತ್ತಮ ಅಧ್ಯಾಪಕ ಎಂದು ಕೊಂಡಾಡಿತು. ಅದಕ್ಕೆ ಕೆಲವೇ ದಿನಗಳ ಮುಂಚೆ ಅವರ ತರಗತಿಗಳನ್ನು ರದ್ದುಗೊಳಿಸಿ, ಕಚೇರಿಯ ಬಾಗಿಲು ಮುಚ್ಚಲಾಗಿತ್ತು. ಬರಹವೂ ಚೆನ್ನಾಗಿದೆ, ಬೋಧನೆಯೂ ಚೆನ್ನಾಗಿದೆ. ಆದರೂ ಆತ ನಮಗೆ ಬೇಡ. ವಿಶ್ವವಿದ್ಯಾಲಯವೊಂದು ತನ್ನ ವಿರುದ್ಧ ತಾನೇ ಇದಕ್ಕಿಂತ ಸ್ಪಷ್ಟವಾಗಿ ಸಾಕ್ಷ್ಯ ನುಡಿಯಲಾರದು.

ಕಳೆದುಕೊಂಡವರು ಯಾರು?

2007ರ ಬಳಿಕ ಅಮೆರಿಕದ ಯಾವ ವಿಶ್ವವಿದ್ಯಾಲಯವೂ ಅವರಿಗೆ ಖಾಯಂ ಹುದ್ದೆ ನೀಡಲಿಲ್ಲ. 2008ರ ಮೇ ತಿಂಗಳಲ್ಲಿ ಇಸ್ರೇಲ್ ಅವರನ್ನು ವಿಮಾನ ನಿಲ್ದಾಣದಲ್ಲೇ ತಡೆದು ವಾಪಸು ಕಳುಹಿಸಿ ಹತ್ತು ವರ್ಷಗಳ ನಿಷೇಧ ಹೇರಿತು. ಮುಂದೆ ತುರ್ಕಿಯ ಸಕಾರ್ಯ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪಾಠ ಮಾಡಿದರು. ಗಾಂಧೀಜಿಯ ಬರಹಗಳನ್ನು ಆಳವಾಗಿ ಓದಿ, ಅಹಿಂಸಾ ಹೋರಾಟದ ಕುರಿತಾದ ಅವರ ಚಿಂತನೆಯ ಬಗ್ಗೆ 2012ರಲ್ಲಿ ಒಂದು ಕಿರುಹೊತ್ತಗೆ ಪ್ರಕಟಿಸಿದರು. 2018ರಲ್ಲಿ ಗಾಝಾದ ಮೇಲಿನ ದಾಳಿಗಳನ್ನೂ ಅವುಗಳ ಕುರಿತ ಮಾನವ ಹಕ್ಕು ವರದಿಗಳನ್ನೂ ಪರಾಮರ್ಶಿಸಿದ ಬೃಹತ್ ಗ್ರಂಥವನ್ನು ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿತು. ಕೊಠಡಿ ಕಿತ್ತುಕೊಂಡರೂ ಲೇಖನಿಯನ್ನು ಕಿತ್ತುಕೊಳ್ಳಲಾಗಲಿಲ್ಲ.

ನಿಜವಾಗಿ ನಷ್ಟ ಅನುಭವಿಸಿದವರು ಎರಡು ಬಗೆಯ ಜನ. ಒಂದು, ಅವರ ತರಗತಿಯಲ್ಲಿ ಕುಳಿತುಕೊಳ್ಳಬೇಕಾಗಿದ್ದ ವಿದ್ಯಾರ್ಥಿಗಳು. ಇನ್ನೊಂದು, ಆ ಘಟನೆಯನ್ನು ದೂರದಿಂದ ನೋಡಿದ ಸಾವಿರಾರು ಯುವ ಅಧ್ಯಾಪಕರು. ಖಾಯಮಾತಿಗಾಗಿ ಕಾಯುತ್ತಿರುವ ತರುಣನೊಬ್ಬ ಫೆಲೆಸ್ತೀನಿನ ಕುರಿತು ಲೇಖನ ಬರೆಯಲು ಕುಳಿತಾಗ ಅವನ ಕಣ್ಣ ಮುಂದೆ ಡಿಪಾಲ್ ಬಂದು ನಿಲ್ಲುವುದಿಲ್ಲವೇ? ಹೆಂಡತಿ ಮಕ್ಕಳು, ಮನೆ ಸಾಲ ನೆನಪಾಗುವುದಿಲ್ಲವೇ? ಅವನು ವಿಷಯ ಬದಲಿಸುತ್ತಾನೆ. ಬರೆಯದೆ ಉಳಿದ ಆ ಲೇಖನಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಒಬ್ಬನನ್ನು ಹೊರಗಟ್ಟಿ ನೂರು ಮಂದಿಯನ್ನು ಮೌನಗೊಳಿಸುವ ಈ ಉಪಾಯಕ್ಕೆ ಸೆನ್ಸಾರ್ ಕಾನೂನಿನ ಅಗತ್ಯವೇ ಇಲ್ಲ.

ಇದು ಮುಗಿದುಹೋದ ಕತೆಯಾಗಿದ್ದರೆ ನಾವು ನಿಟ್ಟುಸಿರುಬಿಟ್ಟು ಸುಮ್ಮನಾಗಬಹುದಿತ್ತು. 2014ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯವು ಸ್ಟೀವನ್ ಸಲಾಯಿಟಾ ಎಂಬ ಪ್ರಾಧ್ಯಾಪಕರಿಗೆ ನೀಡಿದ್ದ ಹುದ್ದೆಯನ್ನು, ಗಾಝಾ ದಾಳಿಯ ಕುರಿತು ಅವರು ಟ್ವಿಟರ್‌ನಲ್ಲಿ ಬರೆದ ಕಟು ಮಾತುಗಳಿಗಾಗಿ ಹಿಂದೆಗೆದುಕೊಂಡಿತು. ಅಲ್ಲಿಯೂ ಸಭ್ಯತೆಯದ್ದೇ ನೆಪ. ಮರುವರ್ಷ ಆ ಸಂಸ್ಥೆ 8,75,000 ಡಾಲರ್ ತೆತ್ತು ಪ್ರಕರಣ ಮುಗಿಸಿತು. ಹುದ್ದೆಯನ್ನು ಮಾತ್ರ ಕೊಡಲಿಲ್ಲ. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಆಡಳಿತವು ಗಾಝಾಕ್ಕಾಗಿ ಡೇರೆ ಹಾಕಿ ಕುಳಿತ ವಿದ್ಯಾರ್ಥಿಗಳ ಮೇಲೆ ಪೊಲೀಸರನ್ನು ಕರೆಸಿತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಸರಕಾರವೇ ಆ ಸಂಸ್ಥೆಯ 40 ಕೋಟಿ ಡಾಲರ್ ಅನುದಾನವನ್ನು ರದ್ದುಪಡಿಸಿತು. ಜುಲೈಯಲ್ಲಿ ಸಂಸ್ಥೆಯು 20 ಕೋಟಿಗೂ ಮಿಕ್ಕಿದ ಡಾಲರ್ ಪಾವತಿಸಲು ಒಪ್ಪಿ ರಾಜಿ ಮಾಡಿಕೊಂಡಿತು. ಅಧ್ಯಾಪಕನೊಬ್ಬನ ಮೇಲೆ ಒತ್ತಡ ಬಂದಾಗ ಅವನನ್ನು ಒಪ್ಪಿಸಿಬಿಟ್ಟು ತಾನು ಬದುಕಿಕೊಳ್ಳುವೆನೆಂದು ಭಾವಿಸಿದ ವಿಶ್ವವಿದ್ಯಾಲಯಗಳ ಕೊರಳಿಗೇ ಇಂದು ಉರುಳು ಬಂದಿದೆ.

ನಮ್ಮ ಮನೆಯ ಲೆಕ್ಕ

ಇಷ್ಟನ್ನು ಓದಿ ಅಮೆರಿಕವನ್ನು ಬೈದು ತೃಪ್ತಿಪಡುವುದು ಸುಲಭ. ಆದರೆ ಪರರ ಅಂಗಳದ ಕಸ ತೋರಿಸುವವರು ತಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು.

ಮೊದಲನೆಯದಾಗಿ, ಫಿಂಕೆಲ್‌ಸ್ಟೈನ್‌ರ ಪುಸ್ತಕದ ಹೆಸರನ್ನಷ್ಟೇ ಕೇಳಿ, ಯಹೂದಿ ಹತ್ಯಾಕಾಂಡವೇ ಕಟ್ಟುಕತೆಯೆಂದು ಮಾತನಾಡುವವರು ನಮ್ಮ ನಡುವೆಯೂ ಇದ್ದಾರೆ. 2006ರ ಡಿಸೆಂಬರಿನಲ್ಲಿ ಟೆಹ್ರಾನ್‌ನಲ್ಲಿ ಆ ಹತ್ಯಾಕಾಂಡವನ್ನು ಸಂಶಯಿಸುವವರ ಸಮ್ಮೇಳನವನ್ನೇ ನಡೆಸಲಾಯಿತು. ಇದು ಸತ್ಯಕ್ಕೂ ಸಂತ್ರಸ್ತರಿಗೂ ಬಗೆದ ದ್ರೋಹ. ಅರುವತ್ತು ಲಕ್ಷದಷ್ಟು ಯಹೂದಿಯರು ಕೊಲ್ಲಲ್ಪಟ್ಟದ್ದು ಇತಿಹಾಸ. ಫಿಂಕೆಲ್‌ಸ್ಟೈನ್‌ರ ಅಜ್ಜ ಅಜ್ಜಿಯರು ಆ ಲೆಕ್ಕದಲ್ಲಿದ್ದಾರೆ. ಅವರ ಆಕ್ರೋಶವಿರುವುದು ಆ ಹೆಣಗಳನ್ನು ತೋರಿಸಿ ಬೇರೆ ಹೆಣಗಳನ್ನು ಮುಚ್ಚಿಡುವವರ ವಿರುದ್ಧ. ಜನಾಂಗವೊಂದರ ನೋವನ್ನು ನಿರಾಕರಿಸಿ ಇನ್ನೊಂದು ಜನಾಂಗಕ್ಕೆ ನ್ಯಾಯ ದೊರಕಿಸಲಾಗದು. ದ್ವೇಷವು ನ್ಯಾಯದ ದಾರಿ ತಪ್ಪಿಸಬಾರದೆಂಬ ಪಾಠವನ್ನು ನಮಗೆ ಹೊರಗಿನವರು ಕಲಿಸಬೇಕಾದ ಅಗತ್ಯವಿದೆಯೇ?

ಎರಡನೆಯದಾಗಿ, ಫಿಂಕೆಲ್‌ಸ್ಟೈನ್ ನಮ್ಮ ಮೆಚ್ಚುಗೆಗಾಗಿ ಬರೆಯುವವರಲ್ಲ. 2012ರಲ್ಲಿ ಅವರು ಇಸ್ರೇಲ್ ಬಹಿಷ್ಕಾರ ಚಳವಳಿಯನ್ನು ತೀವ್ರವಾಗಿ ಟೀಕಿಸಿದರು. ಅಂತಾರಾಷ್ಟ್ರೀಯ ಕಾನೂನಿನ ಚೌಕಟ್ಟಿನಲ್ಲಿ ಎರಡು ರಾಷ್ಟ್ರಗಳ ಪರಿಹಾರವನ್ನೇ ಜನರು ಒಪ್ಪಿಯಾರು, ತನ್ನ ಗುರಿಯೇನೆಂದು ಚಳವಳಿ ಪ್ರಾಮಾಣಿಕವಾಗಿ ಹೇಳಬೇಕು ಎಂಬುದು ಅವರ ವಾದದ ಸಾರ. ನಿನ್ನೆಯವರೆಗೆ ಅವರನ್ನು ಹೊಗಳುತ್ತಿದ್ದ ಹಲವರು ಅಂದು ಬೆನ್ನು ತಿರುಗಿಸಿದರು. ಅವರ ವಾದವನ್ನು ಒಪ್ಪದಿರಲು ಎಲ್ಲರಿಗೂ ಹಕ್ಕಿದೆ. ಆದರೆ ನಮಗೆ ಬೇಕಾದುದನ್ನು ಹೇಳುವಾಗ ಧೀರ, ಬೇಡವಾದುದನ್ನು ಹೇಳಿದಾಗ ದ್ರೋಹಿ ಎನ್ನುವುದಾದರೆ ನಾವು ಪ್ರೀತಿಸಿದ್ದು ಅವರ ಸತ್ಯನಿಷ್ಠೆಯನ್ನಲ್ಲ, ಅದರಿಂದ ನಮಗೆ ದೊರೆತ ಲಾಭವನ್ನು.

ಮೂರನೆಯದು ಇನ್ನಷ್ಟು ಕಹಿಯಾದುದು. ಕೈರೋ ವಿಶ್ವವಿದ್ಯಾಲಯದಲ್ಲಿ ನಸ್ರ್ ಹಾಮಿದ್ ಅಬೂ ಝೈದ್ ಎಂಬ ವಿದ್ವಾಂಸರು 1992ರಲ್ಲಿ ಪ್ರಾಧ್ಯಾಪಕ ಹುದ್ದೆಯ ಬಡ್ತಿಗೆ ಅರ್ಜಿ ಸಲ್ಲಿಸಿದರು. ಅಲ್ಲಿಯೂ ಬರಹದ ಗುಣಮಟ್ಟವನ್ನು ಅಳೆಯಬೇಕಾಗಿದ್ದ ಪ್ರಕ್ರಿಯೆಯು ಅವರ ವಿಶ್ವಾಸವನ್ನು ಅಳೆಯತೊಡಗಿತು. ಬಡ್ತಿ ನಿರಾಕರಿಸಲಾಯಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1995ರಲ್ಲಿ ನ್ಯಾಯಾಲಯವು ಅವರನ್ನು ಧರ್ಮಭ್ರಷ್ಟರೆಂದು ಸಾರಿ, ಪತ್ನಿಯಿಂದ ಅವರನ್ನು ಬೇರ್ಪಡಿಸುವ ತೀರ್ಪು ನೀಡಿತು. ದಂಪತಿ ದೇಶ ಬಿಟ್ಟು ಹಾಲೆಂಡ್ ಸೇರಬೇಕಾಯಿತು. ಅಬೂ ಝೈದ್‌ರ ಅನೇಕ ನಿಲುವುಗಳನ್ನು ನಾವು ಒಪ್ಪುವುದಿಲ್ಲ. ಆದರೆ ಪುಸ್ತಕಕ್ಕೆ ಉತ್ತರವಾಗಿ ಪುಸ್ತಕ ಬರೆಯುವ ಬದಲು ಒಬ್ಬನ ಸಂಸಾರವನ್ನೇ ಮುರಿಯಲು ಹೊರಟದ್ದು ಇಸ್ಲಾಮೀ ಜ್ಞಾನ ಪರಂಪರೆಗೆ ಗೌರವ ತರುವಂಥದ್ದಲ್ಲ. ನಮ್ಮ ದೇಶದಲ್ಲಿಯೂ, 1992ರಲ್ಲಿ ದಿಲ್ಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಇತಿಹಾಸಕಾರ ಮುಶೀರುಲ್ ಹಸನ್‌ರು, ಪುಸ್ತಕವೊಂದನ್ನು ಖಂಡಿಸಿಯೂ ಅದರ ನಿಷೇಧವನ್ನು ವಿರೋಧಿಸಿದ್ದಕ್ಕಾಗಿ ಕ್ಯಾಂಪಸ್ಸಿಗೆ ಕಾಲಿಡಲಾಗದಂತಾಗಿ, ಕೊನೆಗೆ ಹಲ್ಲೆಗೊಳಗಾದರು. 2004ರಲ್ಲಿ ಅವರೇ ಅದೇ ಸಂಸ್ಥೆಯ ಕುಲಪತಿಯಾಗಿ ಮರಳಿದರೆಂಬುದು ಆ ಸಂಸ್ಥೆಗೆ ಶೋಭೆ. ಆದರೆ ನಡುವಣ ವರ್ಷಗಳ ಕಳಂಕ ಅಳಿಯಲಿಲ್ಲ.

ಡಿಪಾಲ್ ಮಾಡಿದರೆ ಅನ್ಯಾಯ, ಕೈರೋ ಮಾಡಿದರೆ ಧರ್ಮರಕ್ಷಣೆ ಎಂಬ ತಕ್ಕಡಿಯನ್ನು ಹಿಡಿದುಕೊಂಡು ನಾವು ಜಗತ್ತಿನ ಮುಂದೆ ನ್ಯಾಯ ಕೇಳಲಾಗದು. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಬೇಕೆಂಬ ಆದೇಶವನ್ನು ಹೃದಯದಲ್ಲಿಟ್ಟುಕೊಂಡ ಸಮುದಾಯಕ್ಕೆ, ಯಹೂದಿಯೊಬ್ಬ ತನ್ನವರ ವಿರುದ್ಧ ಸಾಕ್ಷ್ಯ ನುಡಿದು ತೆತ್ತ ಬೆಲೆ ನಾಚಿಕೆಯನ್ನೂ ಸ್ಫೂರ್ತಿಯನ್ನೂ ಏಕಕಾಲಕ್ಕೆ ನೀಡಬೇಕು.

ಕೊನೆಯದಾಗಿ, ನಮ್ಮ ಹೆತ್ತವರಲ್ಲಿ ಒಂದು ಮಾತು. ನಮ್ಮ ಪಟ್ಟಣಗಳ ಮನೆಗಳಲ್ಲಿ ಎಸೆಸೆಲ್ಸಿ ಫಲಿತಾಂಶ ಬಂದೊಡನೆ ಕೇಳಿಬರುವುದು ಎರಡೇ ಹೆಸರು: ವೈದ್ಯಕೀಯ ಮತ್ತು ಇಂಜಿನಿಯರಿಂಗ್. ರಾಜ್ಯಶಾಸ್ತ್ರ, ಇತಿಹಾಸ ಓದುತ್ತೇನೆಂದ ಮಗನನ್ನೋ ಮಗಳನ್ನೋ ಅಂಕ ಕಡಿಮೆಯಾದವರ ಸಾಲಿಗೆ ಸೇರಿಸಿಬಿಡುತ್ತೇವೆ. ಆದರೆ ಸಾವಿರಾರು ಅಡಿಟಿಪ್ಪಣಿಗಳ ಸುಳ್ಳೊಂದನ್ನು ಕೆಡವಿದ್ದು ಗ್ರಂಥಾಲಯದಲ್ಲಿ ತಾಳ್ಮೆಯಿಂದ ಕುಳಿತ ಒಬ್ಬ ರಾಜ್ಯಶಾಸ್ತ್ರದ ವಿದ್ಯಾರ್ಥಿ. ನಮ್ಮ ಕುರಿತೂ ಅಡಿಟಿಪ್ಪಣಿಗಳುಳ್ಳ ಸುಳ್ಳುಗಳು ಬರೆಯಲ್ಪಡುತ್ತಿವೆ. ಅವುಗಳ ವಿರುದ್ಧ ಘೋಷಣೆ ಕೂಗುವ ಕಂಠಗಳಿಗೆ ನಮ್ಮಲ್ಲಿ ಬರವಿಲ್ಲ. ಮೂಲ ದಾಖಲೆಯನ್ನು ಹುಡುಕಿ, ಪುಟ ತೆರೆದು, ಇದು ಸುಳ್ಳೆಂದು ತೋರಿಸಬಲ್ಲ ಕಣ್ಣುಗಳಿಗೆ ಬರವಿದೆ. ಅಂಥ ಕಣ್ಣುಗಳುಳ್ಳ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನು ಓದಲು ಬಿಡಿ. ನಾಳೆ ಅದು ನಮ್ಮದೇ ತಪ್ಪೊಂದನ್ನು ಎತ್ತಿ ತೋರಿಸಿದಾಗ ಅದರ ಧ್ವನಿಯನ್ನು ದೂರಬೇಡಿ.